63ರ ಅಮ್ಮ ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಮಾಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ದಾವಣಗೆರೆಯಲ್ಲಿದ್ದಾರೆ. ಒಂಬತ್ತು ವರ್ಷಗಳಿಂದ ರಕ್ತದೊತ್ತಡವಿದ್ದು, ಅಟೆನೊಲಾಲ್ ಮತ್ತು ಅಮ್ಲೋಡಿಪಿನ್ ಸೇರಿದ ಒಂದು ಮಾತ್ರೆಯನ್ನು ದಿನವೂ ಬೆಳಿಗ್ಗೆ ತೆಗೆದುಕೊಳ್ಳುತ್ತಾರೆ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯೂ ಇದೆ, ಅದಕ್ಕೆ ಮೆಟ್‌ಫಾರ್ಮಿನ್ ಮಾತ್ರ. ಈಜು ಬಾರದು. ತಂದೆ ತೀರಿಕೊಂಡ ಮೇಲೆ ಟಿವಿಯಲ್ಲಿ ಕಡಲಿನ ಕಾರ್ಯಕ್ರಮಗಳನ್ನು ನೋಡುತ್ತಾ ಕೂರುತ್ತಾರೆ. ಆಮೆಯೊಂದನ್ನು ನೀರಿನೊಳಗೇ ಹೋಗಿ ನೋಡಬೇಕೆಂಬುದು ಅವರ ಆಸೆ. ಜನವರಿಯಲ್ಲಿ ನಾವಿಬ್ಬರೇ ಆರು ದಿನ ಅಂಡಮಾನಿಗೆ ಹೋಗಬೇಕೆಂದಿದ್ದೇವೆ. ಕಿವಿ ಒಡೆದುಹೋಗುತ್ತದೆ ಎಂದು ಸೋದರಮಾವ ಹೆದರಿಸುತ್ತಾರೆ, ಮೊಸಳೆ ಇದೆ ಎಂದು ಚಿಕ್ಕಮ್ಮ. ಅಲ್ಲಿಗೆ ಹೋಗಿಬಂದ ಸ್ನೇಹಿತೆಯೊಬ್ಬಳು, 'ಡೈವಿಂಗಿಗೆ ಮೊದಲು ಕೊಡುವ ಆರೋಗ್ಯದ ಫಾರ್ಮಿನಲ್ಲಿ ಎಲ್ಲದಕ್ಕೂ ಇಲ್ಲ ಎಂದು ಬರೆದುಬಿಡು, ಯಾರೂ ಕೇಳುವುದಿಲ್ಲ' ಎನ್ನುತ್ತಾಳೆ. ಡೈವ್ ಮಾಡಿದ ಮರುದಿನ ಬೆಳಿಗ್ಗೆಯೇ ನಮ್ಮ ವಿಮಾನ. ಅಮ್ಮನನ್ನು ನೀರಿಗೆ ಇಳಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಮೊಸಳೆಯೂ ಅಲ್ಲ, ಕಿವಿಯೂ ಅಲ್ಲ, ನಿಮ್ಮ ಸ್ನೇಹಿತೆಯ ಸಲಹೆ. ಮುಳುಗುಗಾರರ ದೇಹ ಪರೀಕ್ಷೆ ಮಾಡುವ ವೈದ್ಯನಾಗಿ ಬಹಳ ವರ್ಷ ಕಳೆದಿದ್ದೇನೆ. ಐವತ್ತು ದಾಟಿದವರು ನೀರಿನಲ್ಲಿ ತೊಂದರೆಗೆ ಸಿಕ್ಕಿದ ಪ್ರಸಂಗಗಳನ್ನು ಕೆದಕಿದಾಗಲೆಲ್ಲ ಆ ಫಾರ್ಮಿನ ಮೇಲೆ ಸುಳ್ಳಾಗಿ ಬಿದ್ದ ಒಂದು 'ಇಲ್ಲ' ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ.

ಮೊದಲು ನೇರ ಉತ್ತರ, ಅಡ್ಡಗೋಡೆಯ ಮೇಲೆ ದೀಪ ಇಡುವುದು ಬೇಡ. ಈಗಿರುವ ಸ್ಥಿತಿಯಲ್ಲಿ, ಯಾವ ಪರೀಕ್ಷೆಯೂ ಇಲ್ಲದೆ, ನಿಮ್ಮ ತಾಯಿ ಸಿಲಿಂಡರ್ ಕಟ್ಟಿಕೊಂಡು ಇಳಿಯಬಾರದು. ಪರೀಕ್ಷೆಗಳು ಸರಿಬಂದು, ಮಾತ್ರೆಯ ವಿಚಾರ ಇತ್ಯರ್ಥವಾದರೆ ಇಳಿಯಬಹುದು. 63 ಎಂಬ ಸಂಖ್ಯೆ ಇಲ್ಲಿ ಮುಖ್ಯವಲ್ಲ. ಎಪ್ಪತ್ತರ ಮೇಲೆಯೂ ಆರೋಗ್ಯವಾಗಿ ಡೈವ್ ಮಾಡುವವರಿದ್ದಾರೆ. ನಲವತ್ತರಲ್ಲೇ ನಾನು ಬೇಡವೆಂದು ವಾಪಸ್ ಕಳುಹಿಸಿದವರೂ ಇದ್ದಾರೆ.

ನೀರು ಹೃದಯಕ್ಕೆ ಏನು ಮಾಡುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅಲ್ಲಿಂದಲೇ ಬರುತ್ತದೆ. ನಾವು ನೆಲದ ಮೇಲೆ ನಿಂತಾಗ ಒಂದಷ್ಟು ರಕ್ತ ಕಾಲು, ಹೊಟ್ಟೆಗಳ ಸಿರೆಗಳಲ್ಲಿ ತಂಗಿರುತ್ತದೆ. ಕುತ್ತಿಗೆಯವರೆಗೆ ನೀರಿಗೆ ಇಳಿದರೆ ಸಾಕು, ಸುತ್ತಲಿನ ನೀರು ಒತ್ತಿ ಸುಮಾರು ಅರ್ಧ ಲೀಟರ್‌ನಷ್ಟೋ ಅದಕ್ಕಿಂತ ಹೆಚ್ಚೋ ರಕ್ತವನ್ನು ಎದೆಗೆ ತಳ್ಳುತ್ತದೆ. ಇದಕ್ಕೆ ಆಳ ಬೇಕಿಲ್ಲ. ಜೊತೆಗೆ ಮೈಗಂಟಿದ ಬಿಗಿ ಉಡುಪು, ಹೊಸ ಜಾಗದ ಗಾಬರಿ, ಬಾಯಿಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರಿನ ಮೂಲಕ ಉಸಿರೆಳೆಯುವ ಶ್ರಮ. ಆರೋಗ್ಯವಂತ ಹೃದಯ ಇದನ್ನೆಲ್ಲ ಗಮನಕ್ಕೂ ಬಾರದಂತೆ ನಿಭಾಯಿಸುತ್ತದೆ. ವರ್ಷಗಟ್ಟಲೆ ರಕ್ತದೊತ್ತಡ ಇದ್ದವರಲ್ಲಿ ಹೃದಯದ ಗೋಡೆ ದಪ್ಪಗಾಗಿ, ಬಿರುಸಾಗಿರುತ್ತದೆ. ಬಂದ ರಕ್ತವನ್ನು ಅದು ಸಲೀಸಾಗಿ ಒಳಗೆ ಬಿಟ್ಟುಕೊಳ್ಳದಿದ್ದರೆ ಒತ್ತಡ ಹಿಂದಕ್ಕೆ ಸರಿದು, ಶ್ವಾಸಕೋಶದೊಳಗೆ ನೀರು ಜಿನುಗುತ್ತದೆ. ಮುಳುಗದೆಯೂ ಒಳಗಿನಿಂದಲೇ ಮುಳುಗಿದ ಹಾಗೆ. ವಯಸ್ಸಾದವರಲ್ಲಿ, ರಕ್ತದೊತ್ತಡ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ.

ಒಮ್ಮೆ 58ರ ಒಬ್ಬರನ್ನು ದಡಕ್ಕೆ ತಂದಾಗ ನಾನು ಅಲ್ಲೇ ಇದ್ದೆ. ಇಳಿದಿದ್ದು ಐದಾರು ಮೀಟರ್ ಅಷ್ಟೇ. ಕೆಮ್ಮು, ಬಾಯಲ್ಲಿ ನಸುಗೆಂಪು ನೊರೆ, ಮಲಗಿಸಿದರೆ ಉಸಿರು ಸಿಗದ ಒದ್ದಾಟ. ಉಪ್ಪುನೀರು ಕುಡಿದಿರಬೇಕು ಎಂದು ಸುತ್ತಲಿನವರು ಬೆನ್ನು ತಟ್ಟುತ್ತಿದ್ದರು. ಕೂರಿಸಿ, ಆಮ್ಲಜನಕ ಕೊಟ್ಟು, ಆಸ್ಪತ್ರೆಗೆ ಸಾಗಿಸಿದೆವು, ಬದುಕಿಕೊಂಡರು. ಅವರ ಫಾರ್ಮಿನಲ್ಲಿ ರಕ್ತದೊತ್ತಡದ ಮುಂದೆ 'ಇಲ್ಲ' ಎಂದಿತ್ತು. ಬರೆದವನು ಮಗ. ಅಪ್ಪನಿಗೆ ಖುಷಿಯಾಗಲಿ ಎಂದೇ ಬರೆದಿದ್ದ, ಪಾಪ.

ಆ ಫಾರ್ಮು ಯಾವ ಸರ್ಕಾರಿ ಅರ್ಜಿಯೂ ಅಲ್ಲ. 45 ದಾಟಿದವರಿಗೆ ಅದರಲ್ಲಿ ಪ್ರತ್ಯೇಕ ಪ್ರಶ್ನೆಗಳಿವೆ: ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಹತ್ತಿರದ ಸಂಬಂಧಿಕರಲ್ಲಿ ಚಿಕ್ಕ ವಯಸ್ಸಿನ ಹೃದಯದ ಸಾವು. ಒಂದಕ್ಕೆ 'ಹೌದು' ಎಂದರೂ ವೈದ್ಯರ ಸಹಿ ಕೇಳುತ್ತಾರೆ. ಜನ ಸುಳ್ಳು ಬರೆಯುವುದಕ್ಕೆ ಕಾರಣ ಸರಳ. ಫಾರ್ಮು ಕೈಗೆ ಬರುವುದು ಡೈವ್ ಮಾಡುವ ಬೆಳಿಗ್ಗೆ, ಹಣ ಕಟ್ಟಿಯಾದ ಮೇಲೆ, ದ್ವೀಪದ ದಂಡೆಯಲ್ಲಿ. ಆಗ ಎಲ್ಲಿಂದ ವೈದ್ಯರನ್ನು ತರುತ್ತೀರಿ? ಹಾಗಾಗಿ ಡೈವಿಂಗ್ ಕೇಂದ್ರದವರಿಂದ ಫಾರ್ಮನ್ನು ಈಗಲೇ ತರಿಸಿಕೊಳ್ಳಿ. ದಾವಣಗೆರೆಯಲ್ಲಿ ವೈದ್ಯರಿಗೇನೂ ಬರವಿಲ್ಲ.

ಅವರ ಬಳಿ ಏನು ಕೇಳಬೇಕು? ಇಸಿಜಿ, ಎಕೋ, ಮತ್ತು ಟ್ರೆಡ್‌ಮಿಲ್ ಪರೀಕ್ಷೆ. ಎಕೋದಲ್ಲಿ ಹೃದಯದ ಗೋಡೆ ದಪ್ಪಗಾಗಿದೆಯೇ ಎಂಬುದು ತಿಳಿಯುತ್ತದೆ. ಟ್ರೆಡ್‌ಮಿಲ್ಲಿನಲ್ಲಿ ಎದೆನೋವು, ಇಸಿಜಿ ಬದಲಾವಣೆ ಇಲ್ಲದೆ ಮೂರನೇ ಹಂತವನ್ನು, ಅಂದರೆ ಮೊದಲ 9 ನಿಮಿಷಗಳನ್ನು, ಸಲೀಸಾಗಿ ಮುಗಿಸುವಷ್ಟು ಕಸುವು ಇರಬೇಕು. ಪ್ರವಾಹಕ್ಕೆ ಸಿಕ್ಕಿ ಒಂದಿಷ್ಟು ಕಾಲು ಬಡಿಯಬೇಕಾಗಿ ಬಂದರೆ ಬೇಕಾಗುವುದು ಸರಿಸುಮಾರು ಅಷ್ಟು ಶಕ್ತಿ. ಪರೀಕ್ಷೆಗೆ ಮೊದಲೇ ಮನೆಯಲ್ಲಿ ಅಂದಾಜು ಮಾಡಬಹುದು. ಅಮ್ಮ ಮೂರು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಿ, ಮೇಲೆ ನಿಂತು ನಿಮ್ಮೊಂದಿಗೆ ಮಾತಾಡಬಲ್ಲರೇ ನೋಡಿ.

ಇನ್ನು ಆ ಮಾತ್ರೆ. ಅಮ್ಲೋಡಿಪಿನ್ ಬಗ್ಗೆ ನನಗೆ ತಕರಾರಿಲ್ಲ. ಅಟೆನೊಲಾಲ್ ಹೃದಯದ ಬಡಿತವನ್ನು ಹಿಡಿದಿಡುವ ಬೀಟಾ ಬ್ಲಾಕರ್ ಗುಂಪಿನದು. ಶ್ರಮ ಹೆಚ್ಚಾದಾಗ ಹೃದಯ ಓಡಬೇಕಾದಷ್ಟು ಓಡಲು ಅದು ಬಿಡುವುದಿಲ್ಲ. ಮೇಲೆ ಹೇಳಿದ ಶ್ವಾಸಕೋಶದ ತೊಂದರೆಯ ಜೊತೆಗೂ ಈ ಗುಂಪಿನ ಔಷಧಗಳ ಹೆಸರು ಕೇಳಿಬರುತ್ತದೆ. ಬದಲಿ ಮಾತ್ರೆಗಳಿವೆ. ಬದಲಾಯಿಸುವುದಾದರೆ ನಿಮ್ಮ ವೈದ್ಯರೇ ಬದಲಾಯಿಸಬೇಕು, ಅದೂ ಪ್ರವಾಸಕ್ಕೆ ಒಂದೆರಡು ತಿಂಗಳು ಮುಂಚೆ, ಹೊಸ ಮಾತ್ರೆಗೆ ಮೈ ಒಗ್ಗುವಷ್ಟು ಸಮಯ ಕೊಟ್ಟು. ಅಟೆನೊಲಾಲನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಡೈವಿಂಗಿಗಿಂತ ಅಪಾಯ. 'ಇವತ್ತು ನೀರಿಗೆ ಇಳಿಯುತ್ತೇನಲ್ಲ, ಮಾತ್ರೆ ಬೇಡ' ಎಂದು ತಪ್ಪಿಸುವವರನ್ನು ಎಷ್ಟು ನೋಡಿದ್ದೇನೋ.

ಸಕ್ಕರೆಯ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಏಕಾಏಕಿ ಕುಸಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು, ಏಕೆಂದರೆ ನೀರಿನಡಿ ತಲೆ ಸುತ್ತಿದರೆ ಸಕ್ಕರೆ ತಿನ್ನಿಸಲಾಗದು. ಆದರೂ ಗ್ಲುಕೋಮೀಟರ್ ಒಯ್ಯಿರಿ. ಇಳಿಯುವ ಮುನ್ನ 150ಕ್ಕಿಂತ ಮೇಲಿರಲಿ, 300 ದಾಟಿದ್ದರೆ ಆ ದಿನ ಬೇಡ. ವಾಂತಿಯ ಭಯಕ್ಕೆ ತಿಂಡಿ ಬಿಡುವುದು ಬೇಡ. ಎರಡು ಇಡ್ಲಿ ತಿಂದು ಒಂದೂವರೆ ಗಂಟೆ ಬಿಟ್ಟು ಇಳಿದರೆ ಏನೂ ಆಗದು.

ನೀರು ಕುಡಿಯುವುದರ ಬಗ್ಗೆ ಒಂದು ಮಾತು, ಇದನ್ನು ಅಮ್ಮನಿಗೂ ಓದಿ ಹೇಳಿ. ನಮ್ಮ ತಾಯಂದಿರು ಪ್ರಯಾಣದಲ್ಲಿ ಶೌಚಾಲಯದ ಯೋಚನೆಗೆ ನೀರನ್ನೇ ಮುಟ್ಟುವುದಿಲ್ಲ. ವಿಮಾನ, ಹಡಗು, ಬಿಸಿಲು, ಎಲ್ಲ ಸೇರಿ ಮೈ ಒಣಗಿರುತ್ತದೆ. ನೀರಿಗೆ ಇಳಿದಾಗ ಎದೆಗೆ ರಕ್ತ ತುಂಬುವುದರಿಂದ ಮೂತ್ರ ಇನ್ನೂ ಹೆಚ್ಚು ಬರುತ್ತದೆ. ಡೈವಿಂಗ್ ಉಡುಪಿನಲ್ಲಿ ಎಲ್ಲರಿಗೂ ಆಗುವ ಮಾತು ಇದು, ಅಲ್ಲಿ ಯಾರೂ ನಾಚಿಕೊಳ್ಳುವುದಿಲ್ಲ.

ಈಗ ಸೋದರಮಾವನ ಕಿವಿ. ಅವರು ಹೇಳಿದ್ದರಲ್ಲಿ ಅರ್ಧ ನಿಜ. 10 ಮೀಟರ್ ಇಳಿದರೆ ಒತ್ತಡ ನೆಲದ ಮೇಲಿದ್ದದ್ದಕ್ಕಿಂತ ಇಮ್ಮಡಿಯಾಗುತ್ತದೆ, ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಗಾಳಿಯನ್ನು ಕಿವಿಗೆ ತಳ್ಳುತ್ತಾ ಇಳಿದರೆ ಕಿವಿಪೊರೆಗೆ ಏನೂ ಆಗುವುದಿಲ್ಲ. ನೋವು ಶುರುವಾದ ಮೇಲೂ ಹಾಗೇ ಇಳಿಯುತ್ತಾ ಹೋದರೆ, ಇಲ್ಲವೇ ಬಲವಾಗಿ ಊದಿದರೆ ಒಡೆಯಬಹುದು. ಕಿವಿಗೆ ಹೆಚ್ಚು ಕಷ್ಟ ಮೊದಲ ನಾಲ್ಕೈದು ಮೀಟರಿನಲ್ಲೇ, ಅಲ್ಲಿ ನಿಧಾನವಾಗಿರಲಿ. ಹಳೆಯ ಕಿವಿ ಸೋರುವಿಕೆ, ತೂತು ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ನೆಗಡಿಯಾದ ದಿನ ಇಳಿಯಬಾರದು, ಮೂಗಿಗೆ ಹನಿ ಹಾಕಿಕೊಂಡೂ ಇಳಿಯಬಾರದು: ಔಷಧದ ಪ್ರಭಾವ ನೀರಿನಡಿಯೇ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮತ್ತೊಂದು ಚಿಕ್ಕ ವಿಷಯ, ಅಮ್ಮ ಮೂಗುತಿ ಹಾಕುತ್ತಿದ್ದರೆ ಊರಿನಲ್ಲೇ ಬಿಚ್ಚಿಸಿ. ಮುಖವಾಡದ ಮೇಲಿಂದ ಮೂಗು ಒತ್ತಿ ಹಿಡಿಯುವಾಗ ಅದು ಚುಚ್ಚುತ್ತದೆ. ವರ್ಷಗಳಿಂದ ತೆಗೆಯದ ಮೂಗುತಿಯನ್ನು ದಂಡೆಯ ಮೇಲೆ ಕುಳಿತು ತಿರುಗಿಸುವ ಪಾಡು ಬೇಡ.

ಈಜು ಬಾರದವರು ಡೈವ್ ಮಾಡಬಾರದು ಎಂಬುದು ನಿಯಮವಲ್ಲ. ಪ್ರಮಾಣಪತ್ರದ ಕೋರ್ಸಿಗೆ 200 ಮೀಟರ್ ಈಜಬೇಕು, ತೇಲಬೇಕು. ಪ್ರವಾಸಿಗರಿಗೆ ಮಾಡಿಸುವ ಮೊದಲ ಪರಿಚಯದ ಡೈವಿನಲ್ಲಿ ತರಬೇತುದಾರರೇ ಹಿಡಿದುಕೊಂಡಿರುತ್ತಾರೆ, ಮಿತಿ 12 ಮೀಟರ್. ಆದರೆ ಮುಖಕ್ಕೆ ನೀರು ತಾಗಿದರೆ ಗಾಬರಿಯಾಗುವವರಿಗೆ ಅದು ಮೊದಲ ಬಾರಿ ಸಮುದ್ರದಲ್ಲಿ ಗೊತ್ತಾಗಬಾರದು. ಹೊರಡುವ ಮೊದಲು ಈಜುಕೊಳದಲ್ಲಿ ನಾಲ್ಕು ದಿನ ಅಮ್ಮನನ್ನು ಇಳಿಸಿ. ಮುಖ ಮುಳುಗಿಸಿ ಬಾಯಿಯಿಂದ ಉಸಿರಾಡುವುದನ್ನು ಸ್ನಾರ್ಕೆಲ್ ನಳಿಕೆಯೊಂದಿಗೆ ಕಲಿಯಲಿ. ಬೆನ್ನಿನ ಮೇಲಿರುವುದು ಆಕ್ಸಿಜನ್ ಸಿಲಿಂಡರ್ ಎಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿರುವುದು ಶುದ್ಧೀಕರಿಸಿ ಒತ್ತಿ ತುಂಬಿದ ಮಾಮೂಲಿ ಗಾಳಿ. ಅದನ್ನು ಉಸಿರಾಡುವಾಗ ಉಸಿರು ಬಿಗಿಹಿಡಿಯಲೇಬಾರದು. ಒತ್ತಡದ ಗಾಳಿ ತುಂಬಿದ ಶ್ವಾಸಕೋಶ ಮೇಲಕ್ಕೆ ಬರುವಾಗ ಹಿಗ್ಗುತ್ತದೆ. ಬಾಯಿ ಮುಚ್ಚಿದ್ದರೆ ಅದು ಹರಿದುಹೋಗುತ್ತದೆ. 'ಮೂಗು ಹಿಡಿದು ಮುಳುಗು' ಎಂದು ಹೊಳೆಯಲ್ಲಿ ಕಲಿತ ಅಭ್ಯಾಸ ಇಲ್ಲಿ ತಿರುಗುಬಾಣ.

ಮೊಸಳೆಯ ವಿಷಯ ಚಿಕ್ಕಮ್ಮ ಕಟ್ಟಿದ ಕಥೆಯಲ್ಲ. ಅಂಡಮಾನಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನ, ಅಂದರೆ ಈಗಿನ ಸ್ವರಾಜ್ ದ್ವೀಪದ, ರಾಧಾನಗರ ಕಡಲತೀರದ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಆದ್ದರಿಂದ ಎಚ್ಚರಿಕೆ ಫಲಕವಿರುವಲ್ಲಿ, ಕಾಲುವೆ ಸಮುದ್ರ ಸೇರುವಲ್ಲಿ, ಕತ್ತಲಾಗುವ ಹೊತ್ತಿನಲ್ಲಿ ನೀರಿಗೆ ಇಳಿಯಬೇಡಿ. ಡೈವಿಂಗ್ ನಡೆಯುವ ಹವಳದ ಜಾಗಗಳಲ್ಲಿ ಅದು ದಿನನಿತ್ಯದ ಭಯವಲ್ಲ. ಅಲ್ಲಿ ನಿಜಕ್ಕೂ ಪೆಟ್ಟು ಕೊಡುವುದು ಕಲ್ಲಿನಂತೆ ಕುಳಿತಿರುವ ಕಲ್ಲುಮೀನು, ಮುಳ್ಳಿನ ಸಿಂಹಮೀನು. ಏನನ್ನೂ ಮುಟ್ಟದಿದ್ದರೆ ಮುಗಿಯಿತು. ಚುಚ್ಚಿದರೆ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿಯ ನೀರಿನಲ್ಲಿ ಆ ಭಾಗವನ್ನು ಅದ್ದಿಟ್ಟು ಆಸ್ಪತ್ರೆಗೆ ಹೋಗಿ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ವೈದ್ಯರು ಒಪ್ಪಿದರೆ ದಂಡೆಯಿಂದಲೇ ನಡೆದು ಇಳಿಯುವ ಜಾಗವನ್ನು ಆರಿಸಿ. ಸ್ವರಾಜ್ ದ್ವೀಪದ ನೆಮೊ ರೀಫ್ ಅಂಥದ್ದು. ಎದೆಮಟ್ಟದ ನೀರಿನಲ್ಲಿ ನಿಂತು ಅಭ್ಯಾಸ ಮಾಡಿ, ಹಿಡಿಸದಿದ್ದರೆ ನಡೆದೇ ವಾಪಸ್ ಬರಬಹುದು. ಇದೇ ಕಾರಣಕ್ಕೆ, ನಮ್ಮ ಮುರುಡೇಶ್ವರದ ನೇತ್ರಾಣಿ ಹತ್ತಿರ ಎಂದು ಯಾರಾದರೂ ಹೇಳಿದರೆ ಮೊದಲ ಡೈವಿಗೆ ಒಪ್ಪಬೇಡಿ. ನೇತ್ರಾಣಿಯ ಮೇಲೆ ನನಗೆ ಅಭಿಮಾನವಿದೆ, ಆದರೆ ಅಲ್ಲಿ ದಂಡೆ ಎಂಬುದಿಲ್ಲ, ಕಡಿದಾದ ಬಂಡೆ. ಗಂಟೆಗೂ ಮಿಕ್ಕಿ ದೋಣಿಯಲ್ಲಿ ಅಲುಗಾಡಿ ಹೋಗಿ, ಆಳದ ನೀರಿಗೆ ದೋಣಿಯಿಂದಲೇ ಬೀಳಬೇಕು. ವಾಂತಿಯಾದ 63ರ ಹೆಂಗಸಿಗೆ ಅದು ತಕ್ಕ ಆರಂಭವಲ್ಲ.

ಒಬ್ಬರಿಗೆ ಒಬ್ಬ ತರಬೇತುದಾರರು ಬೇಕು, ಅಮ್ಮನಿಗೆ ಮಹಿಳಾ ತರಬೇತುದಾರರು ಸಿಗುತ್ತಾರೆಯೇ ಎಂದು ಮೊದಲೇ ಕೇಳಿ. ಸೀರೆಯಲ್ಲೇ ಬದುಕಿದವರಿಗೆ ಮೈಗಂಟುವ ಉಡುಪಿನ ಸಂಕೋಚ ಸಮುದ್ರದ ಭಯಕ್ಕಿಂತ ದೊಡ್ಡದು, ಮತ್ತು ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಉಡುಪು ಎದೆಯ ಮೇಲೆ ಬಿಗಿಯಾಗಿದ್ದರೆ ದೊಡ್ಡ ಅಳತೆಯದು ಕೇಳಿ. ಆಮ್ಲಜನಕದ ಕಿಟ್ ಇದೆಯೇ, ತುರ್ತಾದರೆ ಎಲ್ಲಿಗೆ ಸಾಗಿಸುತ್ತಾರೆ ಎಂದೂ ಕೇಳಿ. ಉತ್ತರ ತಡವರಿಸಿದರೆ ಬೇರೆ ಕೇಂದ್ರ ನೋಡಿ.

ನೀರಿನಡಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು. ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ, ಆ ಎತ್ತಿದ ಹೆಬ್ಬೆರಳಿನ ಮೇಲೆ ಅಮ್ಮನಿಗೆ ಪೂರ್ತಿ ಹಕ್ಕು ಕೊಡಿ. ಮಗಳು ಇಷ್ಟು ದುಡ್ಡು ಸುರಿದಿದ್ದಾಳೆ ಎಂಬ ಒಂದೇ ಕಾರಣಕ್ಕೆ ಎದೆ ಬಿಗಿದರೂ ಸುಮ್ಮನಿರುವ ತಾಯಂದಿರು ನನಗೆ ಗೊತ್ತು. 'ದುಡ್ಡು ಹೋದರೂ ಪರವಾಗಿಲ್ಲ' ಎಂದು ಹೊರಡುವ ಮುನ್ನ ಬಾಯಿಬಿಟ್ಟು ಹೇಳಿ, ಒಂದು ಸಲವಲ್ಲ, ಎರಡು ಸಲ. ಕೆಮ್ಮು, ಉಸಿರುಗಟ್ಟುವಿಕೆ ಶುರುವಾದರೆ ತಕ್ಷಣ ನೀರಿನಿಂದ ಹೊರಗೆ, ಮಲಗಿಸಬೇಡಿ, ಕೂರಿಸಿ.

ವೈದ್ಯರು ಒಪ್ಪದಿದ್ದರೆ? 'ಸೀ ವಾಕ್ ಆಗಬಹುದಲ್ಲ, ಅದು ನಡೆಯುವುದಷ್ಟೇ' ಎನ್ನುವವರು ಸಿಗುತ್ತಾರೆ. ತಲೆಗೆ ಶಿರಸ್ತ್ರಾಣ ಹಾಕಿ ಐದಾರು ಮೀಟರಿಗೆ ಇಳಿಸುತ್ತಾರೆ, ಒತ್ತಡವೆಲ್ಲ ಡೈವಿಂಗಿನದೇ. ಡೈವಿಂಗ್ ಬೇಡವೆಂದವರಿಗೆ ಇದೂ ಬೇಡ. ಜಾಕೆಟ್ ಹಾಕಿ ತೇಲುತ್ತಾ ಮಾಡುವ ಸ್ನಾರ್ಕೆಲಿಂಗ್ ಹಗುರ, ಆದರೆ ಎದೆಗೆ ರಕ್ತ ಸರಿಯುವುದು ಅಲ್ಲಿಯೂ ಇದ್ದದ್ದೇ. ಅದಕ್ಕೂ ವೈದ್ಯರನ್ನು ಪ್ರತ್ಯೇಕವಾಗಿ ಕೇಳಿ. ಏನೂ ಬೇಡವೆಂದರೆ ಗಾಜಿನ ತಳದ ದೋಣಿ. ಶಹೀದ್ ದ್ವೀಪದ (ಹಳೆಯ ನೀಲ್) ಭರತ್‌ಪುರ ತೀರದಲ್ಲಿ, ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪದಲ್ಲಿ ಇದೆ. ಜಾಲಿ ಬಾಯ್ 1983ರಲ್ಲಿ ಘೋಷಿಸಿದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ, ಅಮ್ಮನ ಮಾತ್ರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ ಪೇಚಾಡಬೇಡಿ. ಟಿವಿಯಲ್ಲಿ ಕಂಡ ಬಣ್ಣಗಳನ್ನು ಮಾತ್ರ ನಿರೀಕ್ಷಿಸದಿರಲಿ. 2010ರಲ್ಲಿ ಸಮುದ್ರ ಕಾದು ಅಂಡಮಾನಿನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು, ಬಹಳಷ್ಟು ಸತ್ತವು.

ಆರು ದಿನದಲ್ಲಿ ಎಲ್ಲವನ್ನೂ ತುರುಕಬೇಡಿ. ಕಡಲಾಮೆಗಳು ಮೊಟ್ಟೆಯಿಡುವ ಕಾಲಿಪುರ ಉತ್ತರ ಅಂಡಮಾನಿನ ದಿಗ್ಲಿಪುರದ ಬಳಿ ಇದೆ. ಜನವರಿ ಒಳ್ಳೆಯ ಕಾಲವೇ, ಆದರೆ ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು. ಅದಕ್ಕೆ ಹೋದರೆ ಡೈವಿಂಗಿಗೆ ದಿನ ಉಳಿಯುವುದಿಲ್ಲ. ನಾನಾದರೆ ಮೊದಲ ದಿನ ರಾಜಧಾನಿ ಶ್ರೀ ವಿಜಯಪುರಂನಲ್ಲಿ (ಹಳೆಯ ಪೋರ್ಟ್ ಬ್ಲೇರ್) ವಿಶ್ರಾಂತಿ, ಎರಡನೇ ದಿನ ಹಡಗಿನಲ್ಲಿ ಸ್ವರಾಜ್ ದ್ವೀಪ, ಮೂರನೇ ದಿನ ಬೆಳಿಗ್ಗೆ ಡೈವ್ ಇಟ್ಟುಕೊಳ್ಳುತ್ತೇನೆ. ನಾಲ್ಕಕ್ಕೆ ಶಹೀದ್ ದ್ವೀಪ. ಅಲ್ಲಿನ ಕಡಲಹುಲ್ಲಿನ ಬಯಲುಗಳಲ್ಲಿ ಹಸಿರಾಮೆ ಮೇಯುತ್ತದೆ, ತೀರಾ ಅದೃಷ್ಟವಿದ್ದರೆ ಅಂಡಮಾನಿನ ರಾಜ್ಯಪ್ರಾಣಿಯಾದ ಕಡಲಹಸುವೂ (ಡ್ಯುಗಾಂಗ್) ಕಂಡೀತು. ಐದರಂದು ವಾಪಸಾಗಿ ಚಿಡಿಯಾಟಾಪುವಿನಲ್ಲಿ ಹಕ್ಕಿ ನೋಡುವುದು. ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ ಏಳುತ್ತಾನೆ, ಜನವರಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಬೆಳಗಿನ ಹೊತ್ತನ್ನು ನಿದ್ದೆಗೆ ಕೊಟ್ಟರೆ ದಿನವೇ ಹೋದಂತೆ.

ಈ ಲೆಕ್ಕದಲ್ಲಿ ನಿಮ್ಮ ವಿಮಾನದ ಪ್ರಶ್ನೆಯೂ ಬಗೆಹರಿಯಿತು. ನೀರಿನಡಿ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗಿ ಉಳಿದಿರುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಬೆಟ್ಟದಷ್ಟು ಕಡಿಮೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕೆಂಬುದು ರೂಢಿಯ ಸೂತ್ರ. ಈ ವಯಸ್ಸಿನವರಿಗೆ ನಾನು ಪೂರ್ತಿ ಒಂದು ದಿನ ಹೇಳುತ್ತೇನೆ. ಪ್ರವಾಸ ವಿಮೆ ಮಾಡಿಸುವುದಾದರೆ ಡೈವಿಂಗಿಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಬಹಳಷ್ಟು ವಿಮೆಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ.

ಒಂದು ವೇಳೆ ಎಕೋ ವರದಿ ನೋಡಿ ನಿಮ್ಮ ವೈದ್ಯರು ಈ ವರ್ಷ ಬೇಡವೇ ಬೇಡ ಎಂದರೆ, ಹೊನ್ನಾವರದ ಕಾಸರಕೋಡು ತೀರಕ್ಕೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆ ಆ ಗೂಡುಗಳನ್ನು ಕಾಯುತ್ತದೆ. ಬೇಸಿಗೆಯ ಆರಂಭಕ್ಕೆ ಅಲ್ಲಿನ ಇಲಾಖೆಯವರನ್ನು ವಿಚಾರಿಸಿ, ಮರಿಗಳನ್ನು ಬಿಡುವ ದಿನ ನೋಡಿಕೊಂಡು ಹೊರಡಿ. ದಾವಣಗೆರೆಯಿಂದ ಒಂದು ರಾತ್ರಿಯ ದಾರಿ.